ಗುರುತಿಸುವ ತರಬೇತಿ

ಒಂಬತ್ತನೆಯ ಲಕ್ಷಣ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಬಸ್ಸು ಕಲಬುರಗಿ ದಾಟಿ ಕಮಲಾಪುರದ ದಾರಿ ಹಿಡಿದ ಮೇಲೂ ಪ್ರೇಮಕುಮಾರ ಬೆರಳು ಮಡಿಚುತ್ತಲೇ ಇದ್ದ. ಬಿ.ಇಡಿ. ಕಾಲೇಜಿನಲ್ಲಿ ಮನೋವಿಜ್ಞಾನ ಪಾಠ ಮಾಡುವವನು. ಇವತ್ತು ಅರವತ್ತು ಜನ ಶಿಕ್ಷಕರಿಗೆ, ಮಕ್ಕಳ ಖಿನ್ನತೆಯನ್ನು ಮೊದಲಲ್ಲೇ ಗುರುತಿಸುವುದು ಹೇಗೆಂದು ಹೇಳಿಕೊಡಬೇಕಾಗಿತ್ತು.

ಹೊರಡುವಾಗ ಹೆಂಡತಿ ಸುಜಾತಾ ಮಗಳ ಮಾತು ತೆಗೆದು ಬಾಗಿಲಿಗೆ ಅಡ್ಡ ನಿಂತಿದ್ದಳು.

“ಪಂಚಶೀಲಾ ನಿನ್ನೆಯಿಂದ ಉಂಡಿಲ್ರಿ. ಸಾಲಿಗೂ ಹೋಗಂಗಿಲ್ಲ ಅಂತಾಳ.”

“ಒಂಬತ್ತನೇ ಕ್ಲಾಸ್ ಅಲ್ಲೇನು? ಆ ವಯಸ್ಸೇ ಹಂಗ.”

“ನೀವು ಒಮ್ಮಿ ಮಾತಾಡಿ ನೋಡ್ರಿ.”

“ಬಂದು ಮಾತಾಡ್ತೀನಿ. ಬಸ್ ಹೋಗ್ತದ.”

ಬಸ್ಸು ಅರ್ಧ ಗಂಟೆ ತಡವಾಗಿ ಬಂದಿತ್ತು. ಅಷ್ಟೂ ಹೊತ್ತು ಅವನು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಎಂಟೇ ಲಕ್ಷಣಗಳಿದ್ದ ತನ್ನ ಸ್ಲೈಡುಗಳ ಅಕ್ಷರ ದಪ್ಪ ಮಾಡಿದ್ದ.

ಕಮಲಾಪುರದ ಸಭಾಂಗಣದಲ್ಲಿ ಬ್ಯಾನರಿನ ಮೇಲೆ ‘ಕಿನ್ನತೆ’ ಎಂದಿತ್ತು. ಅದನ್ನು ಯಾರೂ ಗುರುತಿಸಿರಲಿಲ್ಲ. ಸ್ವಾಗತ ಕೋರಿದ ಮುಖ್ಯಗುರು ದೇವೀಂದ್ರಪ್ಪ, “ನಮ್ಮ ಕಾಲದಾಗ ಇದೆಲ್ಲಾ ಇರ್ಲಿಲ್ರಿ. ಎರಡು ಬಿಗಿದ್ರ ಎಲ್ಲಾ ಲಕ್ಷಣ ಓಡಿಹೋಗ್ತಿದ್ವು,” ಎಂದರು. ಸಭೆ ನಕ್ಕಿತು. ಪ್ರೇಮಕುಮಾರನೂ ನಕ್ಕ. ತರಬೇತಿ ಕೊಟ್ಟದ್ದಕ್ಕೆ ಅವನಿಗೆ ಸಿಗುವ ಪ್ರಮಾಣಪತ್ರಕ್ಕೆ ಸಹಿ ಹಾಕುವವರು ಅವರೇ.

ನಿದ್ದೆ ಏರುಪೇರಾಗುವುದು, ಹಸಿವು ಹೋಗುವುದು, ಸಿಡುಕು. ಮೂರನೆಯದಕ್ಕೆ ಬರುವಷ್ಟರಲ್ಲಿ ಹಿಂದಿನ ಸಾಲಿನವರು ಮೊಬೈಲು ತೆಗೆದಿದ್ದರು. ಅವನು ರಿಮೋಟು ಕೆಳಗಿಟ್ಟ.

“ಒಂದು ಹುಡುಗಿ ಇದ್ದಾಳೆ,” ಎಂದ.

ದಾರಿಯಲ್ಲಿ ಕಂಡ ಅಂಗಡಿ ಬೋರ್ಡುಗಳನ್ನೆಲ್ಲ ತಿರುಗುಮುರುಗು ಓದಿ ನಗಿಸುತ್ತಿದ್ದ ಹುಡುಗಿ. ಈಗ ಹೆಸರು ಹಿಡಿದು ಕರೆದರೆ ಬೇರೆ ಯಾರನ್ನೋ ಕರೆದಂತೆ ನೋಡುತ್ತಾಳೆ. ಗೆಳತಿ ಸನೋಬರ್ ಬಂದರೆ, ಮಲಗಿದ್ದಾಳೆ ಎಂದು ಅಮ್ಮನಿಂದ ಹೇಳಿಸುತ್ತಾಳೆ. ತಲೆ ಬಾಚಿಕೊಳ್ಳುವುದಿಲ್ಲ. ಮೂರು ತಿಂಗಳು, ಹನ್ನೊಂದು ದಿನ.

ದಿನಗಳ ಲೆಕ್ಕ ಬಾಯಿಂದ ಬಿದ್ದಾಗ ಅವನೇ ಬೆಚ್ಚಿದ. ತಾನು ಎಣಿಸುತ್ತಿದ್ದೇನೆಂಬುದು ಅವನಿಗೆ ಗೊತ್ತಿರಲಿಲ್ಲ. ಅರವತ್ತು ಪೆನ್ನುಗಳು ಅವನ ಮಗಳನ್ನು ಬರೆದುಕೊಳ್ಳುತ್ತಿದ್ದವು.

ಮುಂದಿನ ಸಾಲಿನ ತಬಸ್ಸುಮ್ ಟೀಚರ್ ಎದ್ದು ನಿಂತರು. “ಗುರುತಿಸಿದ ಮ್ಯಾಲ ಏನ್ ಮಾಡಬೇಕ್ರಿ ಸರ್?”

“ಅದು ಎರಡನೆಯ ಹಂತದ ತರಬೇತಿ. ಇದು ಗುರುತಿಸುವುದಷ್ಟೇ.”

“ಆ ಹುಡುಗಿ ಈಗ ಹ್ಯಾಂಗ ಅದಾಳ್ರಿ?”

“ಆರಾಮ ಅದಾಳ್ರಿ.”

“ಯಾರು ಗುರುತಿಸಿದರ್ರಿ ಸರ್?”

“ಅವರ ತಂದೆ.”

ಚಪ್ಪಾಳೆ ಬಹಳ ಹೊತ್ತು ಬಿತ್ತು. ಆಮೇಲೆ ಉಳಿದ ಸ್ಲೈಡುಗಳನ್ನೂ ಮುಗಿಸಿದ; ಒಂಬತ್ತರಲ್ಲಿ ಎಂಟೇ ಲಕ್ಷಣ ಹೇಳಿದ್ದನ್ನು ಯಾರೂ ಎಣಿಸಲಿಲ್ಲ. ಮರಳುವ ಬಸ್ಸಿನಲ್ಲಿ ಅವನಿಗೆ ಹಗುರೆನಿಸಿತು. ಕಲಬುರಗಿಯ ಶಹಾಬಜಾರ ಬರುವ ಹೊತ್ತಿಗೆ ಹುಡುಗಿ ಆರಾಮಾಗಿದ್ದಾಳೆಂಬುದನ್ನು ಅವನೂ ಅರ್ಧ ನಂಬಿದ್ದ.

ಬ್ರಹ್ಮಪುರದ ಮನೆಗೆ ಬಂದಾಗ ನಾಲ್ಕೂವರೆ. ಸುಜಾತಾ ಇನ್ನೂ ಕೆಲಸದಿಂದ ಬಂದಿರಲಿಲ್ಲ. ನಾಲ್ಕು ದಿನಕ್ಕೊಮ್ಮೆ ಬರುವ ನೀರು ಬಂದಿತ್ತು. ಅಂಗಳದಲ್ಲಿ ಪಂಚಶೀಲಾ ನೀಲಿ ಡ್ರಮ್ಮಿಗೆ ಪೈಪು ಹಿಡಿದು ನಿಂತಿದ್ದಳು. ಡ್ರಮ್ಮು ಎಂದೋ ತುಂಬಿ, ಅಂಚಿನಿಂದ ನೀರು ಅವಳ ಪಾದಗಳ ಮೇಲೆ ಸುರಿಯುತ್ತಿತ್ತು.

“ಪಂಚಶೀಲಾ.”

“ಹ್ಞೂಂ ಪಪ್ಪಾ.”

“ಡ್ರಮ್ ತುಂಬ್ಯದ.”

“ಗೊತ್ತದ.”

“ಮತ್ತ?”

“ಬಂದ್ ಮಾಡಬೇಕಂತ ಅನಸ್ತದ ಪಪ್ಪಾ. ಕೈ ಏಳವಲ್ದು.”

ಅವಳು ಅತ್ತಿರಲಿಲ್ಲ. ಹೊತ್ತೆಷ್ಟು ಎಂದು ಕೇಳಿದವರಿಗೆ ಹೇಳುವಂತೆ ಹೇಳಿದ್ದಳು. ಒಂಬತ್ತನೆಯದು ಇದೇ ಇರಬೇಕು; ಹೀಗೆ ಹೇಳಿದ್ದನ್ನು ಅವನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಏನಾದರೂ ಅನ್ನಬೇಕೆಂದು ಬಾಯಿ ತೆರೆದ.

“ಊಟ ಆಯ್ತಾ?”

ಗೋಡೆಯಾಚೆಯಿಂದ ಪಕ್ಕದ ಮನೆಯ ವಿಮಲಾಬಾಯಿ ಕೂಗಿದರು: “ಯಾರ ಮನಿ ನೀರ್ರಿ ಇದು? ರಸ್ತಾತನಕ ಹರಿಲಾಕತ್ತದ.”

ನಲ್ಲಿ ಅವನಿಂದ ಎರಡೇ ಹೆಜ್ಜೆ. ಯಾರಾದರೂ ಬಂದು ತಿರುಗಿಸುತ್ತಾರೆಂದು ಕಾಯುವವನ ಹಾಗೆ ಅವನು ಅದನ್ನೇ ನೋಡುತ್ತ ನಿಂತ. ಮಗಳೂ ಅದನ್ನೇ ನೋಡುತ್ತಿದ್ದಳು. ಪಾಲಿಶ್ ಹೊಳೆಯುವ ಅವನ ಬೂಟುಗಳೊಳಗೆ ನೀರು ತಣ್ಣಗೆ ತುಂಬತೊಡಗಿತು.