ಕನ್ನಡ ಕಪಾಟಿನ ಸದಸ್ಯೆ

ಡೊಂಬಿವಲಿ ಪೂರ್ವದ ಲೋಕಸೇವಾ ವಾಚನಾಲಯದ ಆಡಳಿತ ಮಂಡಳಿಯಲ್ಲಿ ಒಂಬತ್ತು ಜನ. ಎಂಟು ಜನ ಓದುವವರು, ಒಬ್ಬಳು ವಿನೋದಾ. ಹೀಗೆಂದು ಬೇರೆ ಯಾರೂ ಅಂದದ್ದಲ್ಲ, ಆಕೆ ತನ್ನಷ್ಟಕ್ಕೆ ತಾನೇ ಅಂದುಕೊಳ್ಳುತ್ತಿದ್ದಳು. ಉಳಿದವರ ಎಣಿಕೆಯೇ ಬೇರೆ. ವಾರಕ್ಕೆ ಎರಡು ಕನ್ನಡ ಪುಸ್ತಕ ತಪ್ಪದೆ ಒಯ್ದು, ಹೇಳಿದ ದಿನಕ್ಕೆ ಮೊದಲೇ ತಂದೊಪ್ಪಿಸುವ ಇಂಥ ಓದುಗರು ಇಡೀ ಠಾಣೆ ಜಿಲ್ಲೆಯಲ್ಲಿಲ್ಲ ಎಂದು ಅಧ್ಯಕ್ಷ ಕರಮರಕರ್ ಸರ್ ಕಂಡಕಂಡವರ ಮುಂದೆ ಕೊಂಡಾಡುತ್ತಿದ್ದರು. ಎರಡು ವರ್ಷದ ಹಿಂದೆ ಓದುಗರ ಪರವಾಗಿ ಒಬ್ಬರು ಬೇಕೆಂದಾಗ ಆಕೆಯ ಹೆಸರಿಗೆ ಯಾರೂ ಎದುರು ನಿಲ್ಲಲಿಲ್ಲ.

ನಿಜ ಸಂಗತಿ ಇಷ್ಟು. ಲೈಬ್ರರಿಯ ಹಳೇ ಓದುಗರಿಗೆ ಒಂದು ಚಟವಿರುತ್ತದೆ. ಓದಿದ ಪುಸ್ತಕವನ್ನೇ ಮತ್ತೆ ಮನೆಗೊಯ್ದು ಪೆಚ್ಚಾಗಬಾರದೆಂದು ಒಬ್ಬೊಬ್ಬರು ಒಂದೊಂದು ಪುಟ ಹಿಡಿದುಕೊಂಡು, ಅಲ್ಲಿ ತಮ್ಮ ಗುರುತು ಹಾಕುತ್ತಾರೆ. ವಿನೋದಾಳ ಗಂಡ ಶೇಖರರದು ಇಪ್ಪತ್ತೇಳನೆಯ ಪುಟ; ಅಂಕಿಯ ಕೆಳಗೆ ಪೆನ್ಸಿಲಿನಲ್ಲಿ ಸಾಸಿವೆಯಷ್ಟು ತ್ರಿಕೋನ. ಕಲ್ಯಾಣದ ಹೋಟೆಲಿನ ಗಲ್ಲೆಯಲ್ಲಿ ಮೂವತ್ತೆರಡು ವರ್ಷ ಕೂತ ಮನುಷ್ಯ. ಸಂಜೆ ಲೋಕಲ್ಲಿನಲ್ಲಿ ಜಜ್ಜಿಸಿಕೊಂಡು ಬಂದವರು ಗ್ಯಾಲರಿಯ ಕುರ್ಚಿಗೆ ಬೆನ್ನು ಕೊಟ್ಟು ಪುಸ್ತಕ ಬಿಚ್ಚಿದರೆ, ಊಟಕ್ಕೆ ಮೂರು ಸಲ ಕರೆಯಬೇಕಾಗುತ್ತಿತ್ತು. ಅವರು ತೀರಿಕೊಂಡು ಮೂರು ವರ್ಷ. ಅಂಗಿ ಪಂಚೆಗಳನ್ನು ಕೊಟ್ಟದ್ದಾಯಿತು. ಮೊಬೈಲ್ ನಂಬರು ಬೇರೆ ಯಾರ ಪಾಲಿಗೋ ಹೋಯಿತು. ಮನೆಯಲ್ಲಿ ಅವರ ಕೈಬರಹದ ಒಂದು ಚೀಟಿಯೂ ಉಳಿದಿರಲಿಲ್ಲ.

ಅವರು ತಂದಿಟ್ಟಿದ್ದ ಕೊನೆಯ ಪುಸ್ತಕವನ್ನು ವಾಪಸು ಕೊಡಲು ಹೋದ ದಿನ ವಿನೋದಾಳ ಕಣ್ಣಿಗೆ ಆ ತ್ರಿಕೋನ ಬಿತ್ತು. ಕಪಾಟಿನಿಂದ ಇನ್ನೊಂದನ್ನು ತೆಗೆದಳು, ಅದರಲ್ಲೂ ಇತ್ತು. ಆಮೇಲೆ ಸುಮ್ಮನಿರಲಾಗಲಿಲ್ಲ. ಮೊದಮೊದಲು ಓದಲೆಂದೇ ಒಯ್ದಳು. ಎರಡು ಪುಟಕ್ಕೆ ಕಣ್ಣು ಎಳೆಯುತ್ತಿತ್ತು. ಕೊನೆಗೆ ಓದಿನ ಸೋಗೂ ಬಿಟ್ಟುಹೋಯಿತು. ಗುರುತು ಇದ್ದ ಪುಸ್ತಕ ತರುವುದು, ಇಪ್ಪತ್ತೇಳನೆಯ ಪುಟ ಬಿಚ್ಚಿ ದಿಂಬಿನ ಪಕ್ಕ ಇಟ್ಟುಕೊಳ್ಳುವುದು, ವಾರಕ್ಕೆ ಬದಲಿಸುವುದು. ಇದು ಹುಚ್ಚೆಂದು ಆಕೆಗೆ ಯಾರೂ ಹೇಳಬೇಕಾಗಿರಲಿಲ್ಲ.

ಪುಸ್ತಕದಲ್ಲಿ ಗೀಚಿದವರಿಗೆ ದಂಡ ಹಾಕಬೇಕೆಂದು ಮಂಡಳಿಯಲ್ಲಿ ಮಾತು ಬಂದಾಗ, ಯಾವತ್ತೂ ಬಾಯಿ ಬಿಡದ ವಿನೋದಾ ತಾಯಿ ಎದ್ದು ನಿಂತು ವಿರೋಧಿಸಿದ್ದು ಎಲ್ಲರಿಗೂ ಸೋಜಿಗವಾಗಿತ್ತು. ಆಕೆಯ ಮರಾಠಿ ಅಂದು ಅದೆಲ್ಲಿಂದ ಅಷ್ಟು ಸಲೀಸಾಗಿ ಹರಿಯಿತೋ!

ಈಗ ಬಂದದ್ದು ಅದಕ್ಕಿಂತ ದೊಡ್ಡ ತಲೆನೋವು. ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ಕೂರಲು ಜಾಗ ಸಾಲದು. ಕನ್ನಡದ ಎರಡು ಕಪಾಟು ತೆಗೆದರೆ ಎಂಟು ಕುರ್ಚಿ ಹಿಡಿಯುತ್ತದೆ. ಅದೇ ಹೊತ್ತಿಗೆ ಕಳಂಬೋಲಿಯ ಕಬ್ಬಿಣ ಪೇಟೆಯಿಂದ ಒಂದು ಅರ್ಜಿಯೂ ಬಂದಿತ್ತು. ಕಲಬುರಗಿ, ರಾಯಚೂರು ಕಡೆಯ ಹಮಾಲರು ತಮ್ಮ ವಸ್ತಿಯಲ್ಲೊಂದು ಓದುವ ಕೋಣೆ ಮಾಡಿಕೊಂಡಿದ್ದಾರೆ, ಕನ್ನಡ ಪುಸ್ತಕ ಬೇಡವಾಗಿದ್ದರೆ ತಮಗೆ ಕೊಡಬೇಕು ಎಂದು. ಯಾವ ಭಾಷೆಯ ಕಪಾಟಿನ ವಿಷಯವೋ ಆ ಭಾಷೆಯ ಸದಸ್ಯರ ಮಾತೇ ಕೊನೆ ಎನ್ನುವುದು ಆ ವಾಚನಾಲಯದಲ್ಲಿ ಹಿಂದಿನಿಂದ ಬಂದ ರೂಢಿ. ಕನ್ನಡಕ್ಕೆ ಇದ್ದವಳು ಒಬ್ಬಳೇ. ಬೇಡ ಎಂದು ಆಕೆ ಒಂದು ಮಾತಂದರೆ ಕಪಾಟು ಅಲ್ಲಾಡುವಂತಿಲ್ಲ.

ಬೇಡ ಎನ್ನುವುದೆಂದೇ ವಿನೋದಾ ಗಟ್ಟಿಮಾಡಿಕೊಂಡಿದ್ದಳು. ಕಾರಣವೂ ಸಿದ್ಧವಿತ್ತು: ಪುಸ್ತಕಗಳು ಓದುಗರ ಕೈಯಲ್ಲಿ ಓಡಾಡುತ್ತಿವೆ, ಬೇಕಿದ್ದರೆ ರಿಜಿಸ್ಟರ್ ನೋಡಿ. ಆ ರಿಜಿಸ್ಟರಿನ ತುಂಬ ತನ್ನದೊಂದೇ ಹೆಸರಿದೆ ಎಂಬುದನ್ನು ಯಾರೂ ಎತ್ತದಿದ್ದರೆ ಸಾಕಿತ್ತು.

ಸಭೆಯಿದ್ದ ಶನಿವಾರ ನಾಲ್ಕು ಗಂಟೆಗೇ ಕಳಂಬೋಲಿಯಿಂದ ಒಬ್ಬ ಹೆಂಗಸು ಬಂದು ಕೂತಿದ್ದಳು. ದಾನಮ್ಮ ಎಂದು ಹೆಸರು. ನಲವತ್ತರ ಆಸುಪಾಸು, ಹಣೆಯ ತುಂಬ ಕುಂಕುಮ, ಮೊಣಕೈಯಲ್ಲಿ ಹಳೆಯ ಗಾಯದ ಕಲೆ. ಕಪಾಟು ತೋರಿಸುವ ಕೆಲಸ ವಿನೋದಾಳ ಪಾಲಿಗೇ ಬಂತು.

"ನಾವು ಏಳು ಮಂದಿ ಕಮಿಟಿ ಮಾಡ್ಕೊಂಡೀವ್ರಿ ಅಕ್ಕಾವ್ರ. ಶೆಡ್ ಅದ, ಲೈಟ್ ಅದ, ಕಪಾಟೂ ಒಬ್ರು ಕೊಟ್ಟಾರ. ಪುಸ್ತಕ ಒಂದೇ ಇಲ್ಲ ನೋಡ್ರಿ" ಎಂದು ದಾನಮ್ಮ ನಕ್ಕಳು.

"ಓದುವವರು ಇದ್ದಾರಾ ಅಲ್ಲಿ?" ವಿನೋದಾಳ ದನಿ ತುಸು ಬಿರುಸಾಗಿಯೇ ಇತ್ತು.

"ಓದ್ಲಾಕ ಬರೋರು ನಾಲ್ಕೈದು ಮಂದಿ. ಕೇಳೋರು ಭಾಳ ಅದಾರ್ರೀ. ನಾ ಓದ್ತೀನಿ, ಅವ್ರು ಕೇಳ್ತಾರ. ಈಗ ಊರಿಂದ ಸಾಮಾನು ಕಟ್ಟಿ ಬಂದ ಪೇಪರ್‌ನೇ ಓದಿ ಓದಿ ಸಾಕಾಗ್ಯದ."

ಹೀಗೆನ್ನುತ್ತಲೇ ಆಕೆ ಕೈಗೆ ಸಿಕ್ಕ ಪುಸ್ತಕವೊಂದನ್ನು ಎಳೆದಳು. ರಟ್ಟು ಕಿತ್ತುಬಂದ ಹಾಸ್ಯದ ಪುಸ್ತಕ. ನಿಂತಲ್ಲೇ ನಡುವೆ ಎಲ್ಲೋ ತೆರೆದು, ಸಾಲಿನ ಮೇಲೆ ಬೆರಳಾಡಿಸುತ್ತ ತುಟಿ ಅಲ್ಲಾಡಿಸತೊಡಗಿದಳು. ಅರ್ಧ ಪುಟ ದಾಟಿರಲಿಲ್ಲ, ಫಕ್ಕನೆ ನಗು ಬಂತು. ತಡೆದುಕೊಳ್ಳಲು ಹೋಗಿ ಇನ್ನೂ ಜೋರಾಯಿತು. ಆಚೆ ಪರೀಕ್ಷೆಯ ಹುಡುಗರು ತಲೆಯೆತ್ತಿ ನೋಡಿದರು.

"ಅಯ್ಯ ಶಿವನೇ! ಹೆಂಡ್ತಿಗಿ ಅಂಜಿ ಜ್ವಾಳದ ಚೀಲದ ಹಿಂದ ಅಡಗ್ಯಾನ್ರೀ ಈ ಗೌಡ. ಸೀನು ಬರಾಕತ್ತದ, ಸೀನಂಗಿಲ್ಲ. ಓದೀರೇನ್ರಿ ಅಕ್ಕಾವ್ರ ನೀವು ಇದನ್ನ?"

ಆ ಪುಸ್ತಕ ವಿನೋದಾಳ ದಿಂಬಿನ ಪಕ್ಕ ಒಂದು ವಾರ ಮಲಗಿತ್ತು. ದಾನಮ್ಮ ಹಿಡಿದಿದ್ದದ್ದು ಮೂವತ್ತೊಂದನೆಯ ಪುಟ. ತ್ರಿಕೋನದಿಂದ ಎರಡೇ ಹಾಳೆ ಆಚೆ ಒಬ್ಬ ಗೌಡ ಸೀನು ತಡೆದುಕೊಂಡು ಕೂತಿದ್ದಾನೆ ಎನ್ನುವುದು ವಿನೋದಾಳಿಗೆ ಗೊತ್ತೇ ಇರಲಿಲ್ಲ.

ಗ್ಯಾಲರಿಯ ಕುರ್ಚಿಯಿಂದ ಶೇಖರರೂ ಹೀಗೇ ನಗುತ್ತಿದ್ದರು, ಹೊಟ್ಟೆ ಕುಲುಕಿಸಿ, ಒಬ್ಬರೇ. ಆಕೆ ಒಳಗಿಂದ "ಎಂತಕ್ಕೆ ನಗಾಡೂದು?" ಎನ್ನುತ್ತಿದ್ದಳು. ಅವರು ಪುಸ್ತಕದಲ್ಲಿ ಬೆರಳಿಟ್ಟುಕೊಂಡು ಅಡಿಗೆಮನೆಯ ಬಾಗಿಲಿಗೆ ಬರುತ್ತಿದ್ದರು. "ಓದಿ ಹೇಳ್ಕಾ?" "ನಂಗೆ ಪುರ್ಸೊತ್ತಿಲ್ಲೆ ಮಾರಾಯ್ರೆ, ಕುಕ್ಕರ್ ಇಟ್ಟಿದೆ." ಪಾಪ, ಮನುಷ್ಯ ವಾಪಸು ಹೋಗುತ್ತಿದ್ದರು. ಎಷ್ಟು ಸಲ ಕೇಳಿದ್ದರೋ ಲೆಕ್ಕವಿಲ್ಲ. ಯಾವುದೋ ಒಂದು ವರ್ಷ ಕೇಳುವುದನ್ನು ನಿಲ್ಲಿಸಿದರು. ನಿಲ್ಲಿಸಿದರೆಂಬುದು ಕೂಡ ಆಗ ಆಕೆಗೆ ಅರಿವಾಗಿರಲಿಲ್ಲ. ಈಗ ಈ ಕಪಾಟಿನ ಮುಂದೆ ಅರಿವಾಯಿತು. ಅವರು ಓದಿ ಹೇಳಿದ ಒಂದೇ ಒಂದು ಸಾಲು ತನ್ನ ಬಳಿ ಇದ್ದಿದ್ದರೆ ಈ ಪೆನ್ಸಿಲ್ ಗೀಟುಗಳ ಹಿಂದೆ ಅಲೆಯಬೇಕಿತ್ತೇ?

"ಇಲ್ಲ, ಓದ್ಲಿಲ್ಲ" ಎಂದಳು ಮೆಲ್ಲಗೆ.

ಐದಕ್ಕೆ ಸಭೆ ಕೂತಿತು. ಚಹಾ ಬಂತು. ಎರಡು ವಿಷಯ ಮುಗಿದು ಮೂರನೆಯದಕ್ಕೆ ಕರಮರಕರ್ ಸರ್ ಕನ್ನಡಕ ಸರಿಪಡಿಸಿಕೊಂಡು, "ತಾಯಿ, ಕನ್ನಡದ ಮಾತು ನಿಮ್ಮದು. ನೀವು ಇಷ್ಟು ಓದುವವರು, ನಿಮ್ಮ ಕೈಯಿಂದ ಪುಸ್ತಕ ಕಿತ್ತುಕೊಳ್ಳುವ ಮನಸ್ಸು ನಮಗಿಲ್ಲ" ಎಂದರು. ಎಲ್ಲರೂ ತಲೆದೂಗಿದರು. ಇಷ್ಟು ಸಲೀಸಾಗಿ ಸಿಗುತ್ತದೆಂದು ವಿನೋದಾ ಎಣಿಸಿರಲಿಲ್ಲ. ಸುಮ್ಮನೆ ಕೂತಿದ್ದರೂ ಆಗುತ್ತಿತ್ತು. ಗುರುತಿನ ಪುಸ್ತಕಗಳು ಇನ್ನೂ ಎಪ್ಪತ್ತಾದರೂ ಬಾಕಿ ಇದ್ದವು, ಎಪ್ಪತ್ತು ರಾತ್ರಿಯಲ್ಲ, ಎಂಟು ಒಂಬತ್ತು ತಿಂಗಳು. ಆಮೇಲೆ ಮತ್ತೆ ಮೊದಲಿನಿಂದ ಶುರುಮಾಡಬಹುದಿತ್ತು.

"ಕೊಟ್ಟುಬಿಡಿ" ಎಂದಳು.

ಕಾರ್ಯದರ್ಶಿ ಪ್ರಣೀತಾ ಬರೆಯುತ್ತಿದ್ದ ಕೈ ನಿಲ್ಲಿಸಿದಳು. ಕಾರಣ ಬರೆಯಬೇಕಲ್ಲ, ಏನೆಂದು ಬರೆಯಲಿ?

"ಇಲ್ಲಿ ಕನ್ನಡ ಓದುವವರು ಯಾರೂ ಇಲ್ಲ ಅಂತ ಬರಿ."

"ಆದರೆ ತಾಯಿ, ನೀವೇ ಮುನ್ನೂರು ಪುಸ್ತಕ..."

"ಒಂದನ್ನೂ ಓದಿಲ್ಲ ಮಗಾ. ನನ್ನ ಗಂಡ ಅದರಲ್ಲಿ ಎಲ್ಲಾದ್ರೂ ಸಿಗ್ತಾರಾ ಅಂತ ನೋಡ್ತಿದ್ದೆ."

ಕರಮರಕರ್ ಸರ್ ಚಹಾದ ಕಪ್ಪಿನಲ್ಲಿ ಏನೋ ಬಿದ್ದಂತೆ ಅದನ್ನೇ ನೋಡುತ್ತ ಕೂತರು. ಬೇಕಿದ್ದರೆ ನಾಲ್ಕಾರು ಪುಸ್ತಕ ಇಟ್ಟುಕೊಳ್ಳಿ ತಾಯಿ, ಎಂದರು. ವಿನೋದಾ ಬೇಡವೆಂದು ತಲೆಯಾಡಿಸಿದಳು. ಬಾಯಿ ತೆರೆದರೆ ಹೂಂ ಎಂದುಬಿಡುವ ಭಯವಿತ್ತು.

ದಾನಮ್ಮ ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಹಾಸ್ಯದ ಪುಸ್ತಕ ಇನ್ನೂ ಅವಳ ಕೈಯಲ್ಲೇ ಇತ್ತು. ಸುದ್ದಿ ಕೇಳಿ ಅವಳು ವಿನೋದಾಳ ಎರಡೂ ಕೈ ಹಿಡಿದುಕೊಂಡಳು. "ನೀವೂ ನಮ್ಮ ಕಮಿಟಿಗಿ ಬರ್ರಿ ಅಕ್ಕಾವ್ರ. ನಿಮ್ಮಂಥ ತಿಳಿದೋರು ಬೇಕು."

"ಕಮಿಟಿ ಸಾಕಾಯ್ತು ಮಾರಾಯ್ತಿ" ಎಂದಳು ವಿನೋದಾ. ಆಮೇಲೆ, ಕೇಳಲೋ ಬೇಡವೋ ಎಂದು ತಡವರಿಸಿ, "ಆ ಗೌಡನಿಗೆ ಎಂತಾಯ್ತು ಕಡೆಗೆ? ಸ್ವಲ್ಪ ಓದಿ ಹೇಳ್ತಿಯಾ?" ಎಂದಳು.

"ಅದಕ್ಕೇನ್ರಿ, ಕೂಡ್ರಿ" ಎಂದು ದಾನಮ್ಮ ಸರಿದು ಜಾಗ ಮಾಡಿಕೊಟ್ಟಳು. ಕೆಳಗೆ ರಿಕ್ಷಾಗಳ ಗಲಾಟೆ, ಸ್ಟೇಷನ್ನಿನ ಕೂಗು. ಅವಳು ಬೆರಳಿಟ್ಟು, ಅಕ್ಷರ ಕೂಡಿಸಿ, ನಿಧಾನಕ್ಕೆ ಓದಿದಳು. ಗೌಡ ಸೀನಿದ. ಚೀಲ ಉರುಳಿತು. ಹೆಂಡತಿ ಮೊರ ಹಿಡಿದು ಬಂದಳು. ವಿನೋದಾಳಿಗೆ ನಗು ಬಂತು, ಎಷ್ಟೋ ದಿನದ ಮೇಲೆ, ಕಣ್ಣಲ್ಲಿ ನೀರು ಬರುವಷ್ಟು ಬಂತು. ಅವರು ನಗುತ್ತಿದ್ದದ್ದು ಇಲ್ಲೇ ಇರಬೇಕು ಎನ್ನಿಸಿತು. ಹೌದೋ ಅಲ್ಲವೋ ಎಂದು ಕೇಳಿ ತಿಳಿಯಲು ಅವರೇ ಇರಲಿಲ್ಲ.