ಚೌಕಟ್ಟಿನಾಚೆಯ ದನಿ

ಚಿತ್ರ ತೆಗೆಯುವುದು ಸುಲಭ, ತೆಗೆದ ಮೇಲೆ ಅದರಿಂದ ಅರ್ಥ ತೆಗೆಯುವುದು ಕಷ್ಟ. ಅದಕ್ಕೆಂದೇ ಮಾಧ್ಯಮ ವಿಭಾಗದಲ್ಲಿ ಒಬ್ಬ ಮೇಷ್ಟ್ರಿದ್ದರು. ಬೆರಳುಗಳನ್ನು ಜೋಡಿಸಿ ಚೌಕ ಮಾಡಿಕೊಂಡು, ಕ್ಯಾಂಟೀನಿನ ಬನ್ನನ್ನೂ ಅದರೊಳಗಿಂದಲೇ ನೋಡಿ ಕಚ್ಚುತ್ತಿದ್ದವರು. ಹುಡುಗರು ಇಟ್ಟ ಹೆಸರು ಚೌಕಟ್ಟು ಮೇಷ್ಟ್ರು. ಕೊನೆಯ ವರ್ಷದವರಿಗೆ ಅವರು ಕೊಟ್ಟ ಕೆಲಸ ಇಷ್ಟೆ: ನಿಮ್ಮ ಕಿರುಚಿತ್ರಕ್ಕೆ ನೀವೇ ಸಿದ್ಧಾಂತ ಹಚ್ಚಿ ಪ್ರಬಂಧ ಬರೆಯಿರಿ. ಸಿದ್ಧಾಂತ ಎಷ್ಟು ದಪ್ಪಗೆ ಹಚ್ಚಿದರೆ ರಾದ್ಧಾಂತ ಅಷ್ಟು ಕಡಿಮೆ.

ಆ ತರಗತಿಯ ಪುಟ್ಟಿಗೆ ಹಚ್ಚುವ ಕೆಲಸ ಹೊಸದಲ್ಲ. ಅವಳಪ್ಪ ಅಂಗಡಿಗಳಿಗೆ ಬೋರ್ಡು ಬರೆಯುವವರು. ಮನೆಯ ಬಾಗಿಲ ಹಿಡಿಯಲ್ಲಿ ಒಂದು ಬಣ್ಣ, ನೀರಿನ ನಲ್ಲಿಯಲ್ಲಿ ಇನ್ನೊಂದು. ಫ್ಲೆಕ್ಸು ಬಂದ ಮೇಲೆ ಬೋರ್ಡು ಬರೆಸುವವರೇ ಇಲ್ಲವಾದರು. ಅದನ್ನೇ ಅವಳು ಚಿತ್ರ ಮಾಡಿದ್ದಳು. ಅಪ್ಪನೇ ನಾಯಕ, ಅಪ್ಪನ ಶೆಡ್ಡೇ ಸೆಟ್ಟು. ಕೊನೆಯ ದೃಶ್ಯದಲ್ಲಿ ಮುದಿ ಪೇಂಟರು 'ಸುಸ್ವಾಗತ' ಎಂದು ಬರೆಯುತ್ತಾನೆ. ಕೊನೆಯ 'ತ'ಕ್ಕೆ ಬಂದಾಗ ಬ್ರಷ್ಷು ದಾರಿ ತಪ್ಪಿ, ಕೆಂಪು ಗೆರೆಯೊಂದು ಬೋರ್ಡಿನ ಅಂಚಿನವರೆಗೂ ಜಾರಿ ಇಳಿಯುತ್ತದೆ. ಹಿನ್ನೆಲೆಯಲ್ಲಿ ಗಡಿಯಾರದ ಟಿಕ್‌ಟಿಕ್. ಮುಗೀತು.

"ಆಹಾ!" ಎಂದಿದ್ದರು ಮೇಷ್ಟ್ರು. "ಅದು ಗೆರೆಯಲ್ಲಮ್ಮ, ಸಂಕೇತ! ಯಂತ್ರದ ಮುಂದೆ ಕೈಕಸುಬಿನ ಪತನ!"

ತರಗತಿಯೂ ತಲೆದೂಗಿತ್ತು. ಒಬ್ಬನಿಗೆ ಗೆರೆ ರಕ್ತವಾಗಿ ಕಂಡಿತು, ಇನ್ನೊಬ್ಬಳಿಗೆ ಪುರುಷಾಧಿಕಾರದ ಕುಸಿತವಾಗಿ. ಪುಟ್ಟಿ ಎಲ್ಲವನ್ನೂ ಪ್ರಬಂಧಕ್ಕೆ ಬರೆದುಕೊಂಡಳು. ಬಿಟ್ಟಿ ಸಿಕ್ಕ ಅರ್ಥವನ್ನು ಯಾರು ಬಿಡುತ್ತಾರೆ?

ನಡೆದದ್ದು ಬೇರೆ. ಚಿತ್ರೀಕರಣದ ದಿನ ಅಪ್ಪ ತಮಾಷೆಯ ಮೂಡಿನಲ್ಲಿದ್ದರು. "ಸೋತವನ ಹಾಗೆ ಕಾಣ್ಬೇಕು ಅಪ್ಪಾ" ಎಂದಿದ್ದಕ್ಕೆ, "ಅದಕ್ಕೆ ರಿಹರ್ಸಲ್ ಯಾಕೆ ಪುಟ್ಟಿ? ನಿಮ್ಮಮ್ಮನ್ನ ಕಟ್ಕೊಂಡಾಗಿಂದ ಅಭ್ಯಾಸ ಆಗಿದೆ" ಎಂದು ನಕ್ಕಿದ್ದರು. ಕಥೆಯ ಪ್ರಕಾರ ಪೇಂಟರು ಬೋರ್ಡು ಮುಗಿಸಿ, ನಿಟ್ಟುಸಿರು ಬಿಟ್ಟು, ಬ್ರಷ್ಷು ಕೆಳಗಿಡಬೇಕಿತ್ತು. ಗೆರೆ ಜಾರುವ ಮಾತೇ ಇರಲಿಲ್ಲ. ಅದು ಜಾರಿದಾಗ ಪುಟ್ಟಿಗೆ ಸಿಟ್ಟು ಬಂತು, ಬೈದಳು. ಮತ್ತೆ ಬರೆಸಿದಳು, ಮತ್ತೆ ಜಾರಿತು. ಮೂರನೆಯ ಸಲ ಕೈ ಸರಿಯಾಯಿತು, ಅಕ್ಷರ ಮುತ್ತಿನಂತೆ ಬಂತು, ಅಪ್ಪ ಎದ್ದುಹೋಗಿ ಚಹಾ ಕುಡಿದರು. ಎಡಿಟಿಂಗಿಗೆ ಕೂತಾಗ ಮಾತ್ರ ಮುತ್ತು ಸಪ್ಪೆಯಾಗಿ ಕಂಡಿತು, ತಪ್ಪು ರುಚಿಯಾಗಿ ಕಂಡಿತು. ಅವಳು ತಪ್ಪನ್ನೇ ಇಟ್ಟುಕೊಂಡಳು. ಬೈದ ದನಿಯನ್ನು ಅಳಿಸಿ ಅಲ್ಲಿ ಗಡಿಯಾರ ಇಟ್ಟಳು.

ತಿಂಗಳು ತುಂಬುವ ಮೊದಲೇ ಅಪ್ಪ ಬಚ್ಚಲಲ್ಲಿ ಕುಸಿದರು. ಬಲಗೈ, ಬಲಗಾಲು, ಅರ್ಧ ಬಾಯಿ ಹೋಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು: "ಮುಂಚೆ ಯಾವಾಗಾದ್ರೂ ಸ್ವಲ್ಪ ಹೊತ್ತು ಕೈ ಸೋತು, ಆಮೇಲೆ ತಾನಾಗೇ ಸರಿಹೋಗಿದ್ದು ಇತ್ತಾ? ಆಗ್ಲೇ ಬಂದಿದ್ರೆ ಬಹುಶಃ ಇದನ್ನ ತಪ್ಪಿಸ್ಬಹುದಿತ್ತು."

"ಇಲ್ಲಪ್ಪ, ಗುಂಡುಕಲ್ಲಿನ ಹಾಗಿದ್ರು" ಎಂದಳು ಅಮ್ಮ.

ಪುಟ್ಟಿ ಬಾಯಿ ತೆರೆದಳು. ಅಮ್ಮನ ಮುಖ ನೋಡಿ ಮುಚ್ಚಿದಳು.

ಮಾರನೆಯ ದಿನವೇ ಮೇಷ್ಟ್ರ ಬಳಿ ಹೋಗಿ, "ಸರ್, ಆ ಶಾಟ್ ತೆಗೆದುಬಿಡ್ಲಾ?" ಎಂದು ಕೇಳಿದಳು.

"ಗುಂಡಿಗೆ ಕಿತ್ತಿಟ್ಟು ಮೈಗೆ ಪೌಡರ್ ಹಾಕ್ತೀನಿ ಅಂತೀಯಲ್ಲಮ್ಮ!" ಎಂದು ಮೇಷ್ಟ್ರು ಬೆರಳ ಚೌಕದೊಳಗಿಂದ ಅವಳನ್ನೇ ನೋಡಿದರು. "ಅದಿಲ್ದೆ ನಿನ್ನ ಚಿತ್ರದಲ್ಲಿ ಏನಿದೆ? ಪ್ರಬಂಧದಲ್ಲಿ ಒಂದು ಪ್ರಶ್ನೆ ಮಾತ್ರ ಬಾಕಿ ಬಿಟ್ಟಿದ್ದೀಯ. ಚೌಕಟ್ಟಿನ ಆಚೆ ಏನಿದೆ? ನಾವು ತೋರಿಸದೆ ಬಿಟ್ಟಿದ್ದೇ ಅಲ್ವಾ ತೋರಿಸಿದ್ದಕ್ಕೆ ಅರ್ಥ ಕೊಡೋದು? ಅದನ್ನ ಬರ್ಕೊಂಡು ಬಾ."

ಇಷ್ಟು ವರ್ಷ ಸಿದ್ಧಾಂತ ಅವಳನ್ನು ಕಚ್ಚಿರಲಿಲ್ಲ, ಬರೀ ಬೊಗಳಿತ್ತು. ಅವತ್ತು ಕಚ್ಚಿತು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅಪ್ಪನದು ಒಂದೇ ಹಟ. ಅಗಿದಗಿದು ಉಗುಳಿದಂಥ ಮಾತಿನಲ್ಲಿ, "ನನ್... ಸಿನಿಮಾ... ಹಾಕು."

"ಹಾಕೇ. ಹೀರೋ ಕೇಳ್ತಿದ್ದಾರೆ" ಎಂದು ಅಮ್ಮ ಸೆರಗಿನಲ್ಲಿ ಅವರ ಬಾಯಿ ಒರೆಸಿ, ತಲೆದಿಂಬು ಎತ್ತರಿಸಿದಳು. "ಚಾರ್ಜ್ ಇಲ್ಲ, ನಾಳೆ, ನಾಡಿದ್ದು ಅಂತ ಎಷ್ಟು ದಿನ ಸತಾಯಿಸ್ತೀಯ?"

ಲ್ಯಾಪ್‌ಟಾಪು ಮಂಚದ ಮೇಲೆ ಬಂತು. ಅಪ್ಪ ತೆರೆಯ ಮೇಲೆ ನಡೆದರು, ಅಮ್ಮ ನಕ್ಕಳು. ಅಪ್ಪ ಡಬ್ಬಿಯ ಮುಚ್ಚಳ ತೆಗೆದರು, ಅಮ್ಮ ಮತ್ತೆ ನಕ್ಕಳು. ಕೊನೆಯ 'ತ' ಬಂತು. ಗೆರೆ ಇಳಿಯಿತು. ಟಿಕ್, ಟಿಕ್.

ಅಮ್ಮ ನಗಲಿಲ್ಲ.

"ಇದು ಯಾವಾಗ ತೆಗ್ದಿದ್ದು?"

ಪುಟ್ಟಿ ಲ್ಯಾಪ್‌ಟಾಪು ಮುಚ್ಚಲು ಕೈ ಚಾಚಿದಳು. ಅಷ್ಟರಲ್ಲಿ ಅಪ್ಪ ಎಡಗೈ ಎತ್ತಿದರು. "ನಟನೆ... ಕಣೇ. ಪುಟ್ಟಿ ಹೇಳಿದ್ಲು... ಸೋತ ಹಾಗೆ ಮಾಡು ಅಂತ. ಮಾಡ್ದೆ. ಹೆಂಗಿದೆ?" ಅರ್ಧ ಬಾಯಿ ಮಗಳ ಕಡೆ ತಿರುಗಿ ನಕ್ಕಿತು. ಒಪ್ಪಿಕೋ ಎಂದು ಬೇಡುವ ನಗು ಅದು.

ಒಪ್ಪಿಕೊಂಡರೆ ಮುಗಿಯುತ್ತಿತ್ತು. ಹೂಂ ಎನ್ನಲು ಅವಳು ಉಸಿರನ್ನೂ ಎಳೆದುಕೊಂಡಿದ್ದಳು.

"ನಿಮಗೆ ಬರದೇ ಇರೋದು ಅದೊಂದೇ, ಸುಳ್ಳು" ಎಂದಳು ಅಮ್ಮ. "ಒಂದು ಚುಕ್ಕಿ ಆಚೀಚೆ ಆದ್ರೆ ಸೀಮೆಎಣ್ಣೆ ಬಟ್ಟೆ ಹಿಡ್ಕೊಂಡು ಊಟ ಬಿಡೋ ಗಂಡಸು ನೀವು. ಬೇಕು ಅಂತ ಅಕ್ಷರ ಕೆಡಿಸ್ತೀರಾ? ಅದೂ ಒರೆಸ್ದೆ ಕೂತ್ಕೊಳ್ತೀರಾ?" ಆಮೇಲೆ ಮಗಳ ಕಡೆ ತಿರುಗಿದಳು. "ನೀನೂ ಅಲ್ಲೇ ಇದ್ದೆ ಅಲ್ವಾ? ನಿನ್ನ ದನಿ ಎಲ್ಲಿ?"

ಪುಟ್ಟಿ ಎಡಿಟ್ ಮಾಡದ ಮೂಲ ತುಣುಕನ್ನು ಹುಡುಕಿ ಹಾಕಿದಳು. ಅದರಲ್ಲಿ ಗಡಿಯಾರವಿರಲಿಲ್ಲ. ಬ್ರಷ್ಷು ಜಾರಿತು. ಅಪ್ಪ ತಮ್ಮ ಬಲಗೈಯನ್ನು ಯಾರದೋ ಕೈ ಎಂಬಂತೆ ನೋಡಿಕೊಂಡರು. "ಪುಟ್ಟೀ, ಕೈ ಯಾಕೋ..." ಎಂದರು.

"ಅಪ್ಪಾ, ನಾಟಕ ಮಾಡ್ಬೇಡ!" ಚೌಕಟ್ಟಿನ ಆಚೆಯಿಂದ ಅವಳದೇ ದನಿ. "ಬೆಳಕು ಹೋಗ್ತಿದೆ. ಒರೆಸು ಬೇಗ. ಇನ್ನೊಂದ್ಸಲ."

ಮಂಚದ ಮೇಲಿದ್ದ ಅಪ್ಪ, ಕತ್ತು ತಿರುಗುವಷ್ಟು, ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. ಅಮ್ಮ ಎದ್ದಳು. ಬಯ್ಯುತ್ತಾಳೆಂದು ಪುಟ್ಟಿ ಕಾದಳು. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಮ್ಮ ಅಪ್ಪನ ಬಲಗೈಯನ್ನು ಎತ್ತಿ, ಹೊದಿಕೆಯೊಳಗೆ ಮಲಗಿಸಿ, "ನಾಳೆ ಡಾಕ್ಟರಿಗೆ ಇದನ್ನ ತೋರಿಸು" ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದಳು. ಪಾತ್ರೆಯ ಸದ್ದು ಕೂಡ ಬರಲಿಲ್ಲ.

ತುಣುಕನ್ನು ನಿಲ್ಲಿಸಲು ಯಾರಿಗೂ ತೋಚಲಿಲ್ಲ. ಮಂಚದ ಮೇಲೆ ಅದು ತನ್ನಷ್ಟಕ್ಕೆ ಓಡುತ್ತಲೇ ಇತ್ತು. ಕೆಂಪು ಗೆರೆ ಇನ್ನೊಮ್ಮೆ ಜಾರಿತು.

"ಇನ್ನೊಂದ್ಸಲ ಅಪ್ಪಾ," ಎನ್ನುತ್ತಿತ್ತು ಅವಳ ದನಿ, "ಇನ್ನೊಂದೇ ಒಂದ್ಸಲ."