ನಾಳೆ ಹತ್ತು ಗಂಟೆಗೆ

ದುರ್ಗಾಷ್ಟಮಿಯ ಸಂಜೆ ಸುನೋಜನ ಅಮ್ಮ ಪುಸ್ತಕಗಳ ಜೊತೆಗೆ ಅವನ ಲ್ಯಾಪ್‌ಟಾಪನ್ನೂ ಸರಸ್ವತಿಯ ಮುಂದೆ ಪೂಜೆಗಿಟ್ಟು ರೇಷ್ಮೆ ಬಟ್ಟೆ ಹೊದಿಸಿಬಿಟ್ಟಳು. ವಿಜಯದಶಮಿಯ ಬೆಳಿಗ್ಗೆ ಅದನ್ನು ಎತ್ತುವ ತನಕ ಮನೆಯಲ್ಲಿ ಓದೂ ಇಲ್ಲ, ಬರಹವೂ ಇಲ್ಲ. ಫೋನು ಮಾತ್ರ ಪೂಜೆಗೆ ಹೋಗಲಿಲ್ಲ. ಅಷ್ಟು ಭಕ್ತಿ ಈಗ ಯಾರಿಗಿದೆ? ವೆಬ್‌ಸೈಟು ಕಟ್ಟಿ ಹೊಟ್ಟೆ ಹೊರೆಯುವ ಸುನೋಜ ಜಗಲಿಯಲ್ಲಿ ಕಾಲು ಚಾಚಿ ಕುಳಿತ.

ಆಗ ಪಕ್ಕದ ಮನೆಯ ರಂಸೀನಾ ಬಂದಳು. ಹುಟ್ಟಿನಿಂದ ಕಿವಿ ಕೇಳಿಸದ ಹುಡುಗಿ; ಹೇಳುವುದನ್ನೆಲ್ಲ ಫೋನಿನಲ್ಲಿ ಬರೆದು ತೋರಿಸುತ್ತಾಳೆ. ಕೋಳಿಕ್ಕೋಡಿನ ಒಂದು ಟ್ರಸ್ಟಿನವರು ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಲು ಒಬ್ಬರನ್ನು ತೆಗೆದುಕೊಳ್ಳುವವರಿದ್ದರು. ಕಿವಿಯ ಹಂಗಿಲ್ಲದ ಕೆಲಸ. ಗಿರಾಕಿ ಕರೆದರೆ ಏನು ಮಾಡುತ್ತೀ ಎಂದು ಅಂಗಡಿ ಅಂಗಡಿಯಿಂದ ವಾಪಸಾದವಳು ಇದರ ಮೇಲೆ ಜೀವ ಇಟ್ಟುಕೊಂಡಿದ್ದಳು. ಅರ್ಜಿ ಪಡೆದು, ಸಂದರ್ಶನಕ್ಕೆ ಕರೆಯುವ ಮೇಲ್ ಕಳಿಸುವ ವೆಬ್‌ಸೈಟು ಸುನೋಜನೇ ಕಟ್ಟಿದ್ದು. ಇನ್ನೂ ಮೇಲ್ ಬಂದಿಲ್ಲ, ಸ್ವಲ್ಪ ನೋಡಿ ಸುನೋಜೇಟ್ಟಾ ಎಂದು ಅಣ್ಣನನ್ನು ಕರೆಯುವ ಹಾಗೆ ಬರೆದು ತೋರಿಸಿದಳು.

ಅವನು ಫೋನಿನಲ್ಲೇ ಸೈಟು ತೆರೆದ. ಅವಳ ಹೆಸರಿನ ಎದುರು ಹಸಿರು ಗುರುತಿತ್ತು. ಕಳಿಸಿಯಾಗಿದೆ, ಸ್ಪ್ಯಾಮ್‌ನಲ್ಲಿ ಹುಡುಕು ಎಂದು ಬರೆದ. ಹುಡುಕಿದ್ದೇನೆ ಎಂದಳು. ಮತ್ತೆ ಹುಡುಕು ಎಂದ. ಆ ಹಸಿರು ಗುರುತಿನ ಅರ್ಥ ಮೇಲನ್ನು ಸಾಲಿಗೆ ಸೇರಿಸಿದೆ ಎಂದಷ್ಟೇ, ಹೊರಟಿದೆ ಎಂದಲ್ಲ. ಅದು ಗೊತ್ತಿದ್ದವನು ಇಡೀ ಫೆರೋಕ್ ಊರಿನಲ್ಲಿ ಅವನೊಬ್ಬನೇ. ರೇಷ್ಮೆ ಬಟ್ಟೆ ಸರಿಸಿ ಲ್ಯಾಪ್‌ಟಾಪ್ ತೆರೆದಿದ್ದರೆ ಆಗಲೇ ತಿಳಿಯುತ್ತಿತ್ತು. ಅಮ್ಮನ ಬೈಗುಳ ಒಂದು ನೆಪ. ನಿಜವಾಗಿ ಇದ್ದದ್ದು ಮೈಗಳ್ಳತನ.

ವಿಜಯದಶಮಿಯ ಬೆಳಿಗ್ಗೆ ಅಕ್ಕಿಯಲ್ಲಿ ಬೆರಳಿನಿಂದ ಹರಿಶ್ರೀ ಎಂದು ಮೊದಲಕ್ಷರ ಬರೆದು ಲ್ಯಾಪ್‌ಟಾಪ್ ಎತ್ತಿಕೊಳ್ಳುವಷ್ಟರಲ್ಲಿ ಟ್ರಸ್ಟಿನ ಕಾರ್ಯದರ್ಶಿ, ಮೇಷ್ಟ್ರಾಗಿದ್ದ ದಾಮು ಮಾಷ್ ಫೋನ್ ಮಾಡಿದರು. ಮಾಷಿಗೆ ದೇವರೂ ಇಲ್ಲ, ಹಬ್ಬವೂ ಇಲ್ಲ. ಹಟಕ್ಕೆ ಬಿದ್ದವರ ಹಾಗೆ ನವಮಿಯ ದಿನವೇ ಸಂದರ್ಶನ ಇಟ್ಟು ಮುಗಿಸಿದ್ದರು.

"ಎಡೋ, ನಿನ್ನ ಸೈಟಿಂದ ಒಂದು ಮೇಲೂ ಹೋಗಿಲ್ವಲ್ಲೋ. ಎಲ್ರೂ ಆಫೀಸಿಗೆ ಫೋನ್ ಮಾಡಿ ಕೇಳ್ಕೊಂಡು ಬಂದ್ರು. ನಿಮ್ಮೂರಿನ ಆ ಹುಡುಗಿ ಒಬ್ಳೇ ಬರ್ಲಿಲ್ಲ. ಅವಳನ್ನೇ ತಗೋಬೇಕು ಅಂತಿದ್ವಿ. ಮಧ್ಯಾಹ್ನದವರೆಗೂ ಕಾದು, ಇನ್ನೊಬ್ಬನಿಗೆ ಕೊಟ್ವಿ."

ಫೋನ್ ಮಾಡಿ ಕೇಳಲು ಅವಳಿಗೆಲ್ಲಿ ಬರುತ್ತದೆ? ಅವಳು ಕೇಳಲು ಬಂದದ್ದು ಇಲ್ಲಿಗೆ. ಸುನೋಜ ಆ ಕ್ಷಣವೇ ಬೇಲಿ ದಾಟಿ ಹೋಗಿ ಹೇಳಬೇಕಿತ್ತು. ಯಾವ ಮುಖ ಹೊತ್ತು ಹೋಗುವುದು? ಮೊದಲು ಕಾರಣ ತಿಳಿಯಲಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಲ್ಯಾಪ್‌ಟಾಪಿನ ಮುಂದೆ ಕುಳಿತ.

ಹೆಸರು ಅಥವಾ ಪಾಸ್‌ವರ್ಡ್ ತಪ್ಪು ಎಂದು ಮೇಲ್ ಸರ್ವರ್ ಪ್ರತಿ ಸಲವೂ ಬಾಗಿಲು ಹಾಕಿಕೊಂಡಿತ್ತು. ಕೆಲವು ದಿನಗಳ ಹಿಂದೆ ಮಾಷ್ ಹೊಸ ಪಾಸ್‌ವರ್ಡ್ ಕೊಟ್ಟಿದ್ದರು. ಅದನ್ನು ಕೈಯಾರೆ ಹಾಕಿ ನೋಡಿದರೆ ಅಂಚೆಪೆಟ್ಟಿಗೆ ಸಲೀಸಾಗಿ ತೆರೆಯಿತು. ಸೈಟು ಹಾಕಿದರೆ ಮಾತ್ರ ಆಗದು. ಪೋರ್ಟ್ ಬದಲಿಸಿದ, ಎಲ್ಲವನ್ನೂ ನಿಲ್ಲಿಸಿ ಮತ್ತೆ ಶುರು ಮಾಡಿದ, ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಕೊನೆಗೆ ಕಣ್ಣಿಗೆ ಬಿತ್ತು: ಪಾಸ್‌ವರ್ಡಿನ ನಡುವೆ ಒಂದು ಹ್ಯಾಶ್ ಗುರುತು. ಆ ಗುರುತಿನಿಂದಾಚೆಗಿನದೆಲ್ಲ ಬರೀ ಟಿಪ್ಪಣಿ ಎಂದು ಸೈಟಿನ ಸೆಟ್ಟಿಂಗ್ ಕಡತ ಬಿಟ್ಟುಬಿಡುತ್ತದೆ. ಇಷ್ಟು ದಿನ ಅರ್ಧ ಪಾಸ್‌ವರ್ಡ್ ಹೇಳಿ ಬಾಗಿಲು ಬಡಿಯುತ್ತಿತ್ತು. ಪಾಸ್‌ವರ್ಡಿನ ಎರಡೂ ಕಡೆ ಉದ್ಧರಣ ಚಿಹ್ನೆ ಹಾಕಿದ, ಅಷ್ಟೇ. ಪರೀಕ್ಷೆಗೆಂದು ಕಳಿಸಿದ ಮೇಲ್ ಚಕ್ಕನೆ ಹೋಯಿತು. ಥೂ, ಇಷ್ಟಕ್ಕೇ ಒಬ್ಬಳ ಬದುಕು ತಪ್ಪಿಹೋಯಿತೇ ಎಂದು ತಲೆ ಹಿಡಿದುಕೊಂಡ.

ಇನ್ನಾದರೂ ಹೋಗಿ ಹೇಳಬೇಕು ಎಂದು ಏಳುವಷ್ಟರಲ್ಲಿ ರಂಸೀನಾ ತಾನೇ ಓಡಿ ಬಂದಳು. ಮುಖದ ತುಂಬ ನಗು. ಫೋನನ್ನು ಅವನ ಮುಂದೆ ಹಿಡಿದಳು. ಸಾಲಿನಲ್ಲಿ ಸಿಕ್ಕಿಕೊಂಡಿದ್ದ ಹಳೆಯ ಮೇಲುಗಳೆಲ್ಲ ದಾರಿ ತೆರೆದ ಕೂಡಲೇ ಹೊರಟಿದ್ದವು. ಅವನ್ನು ಅಳಿಸಬೇಕೆಂಬುದು ಮಾರಾಯನಿಗೆ ಹೊಳೆದೇ ಇರಲಿಲ್ಲ. ಅವಳಿಗೆ ಬಂದ ಮೇಲಿನಲ್ಲಿ ಹೀಗಿತ್ತು: 'ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಸಂದರ್ಶನಕ್ಕೆ ಬನ್ನಿ.' ಹಿಂದಿನ ದಿನ ಹೋಗುವ ಮೇಲಿಗೆ ತಾರೀಖು ಯಾಕೆ ಎಂದು 'ನಾಳೆ' ಎಂದು ಬರೆದಿಟ್ಟವನೂ ಅವನೇ.

ನೀವು ಹೇಳಿದ ಹಾಗೇ ಬಂತು ಸುನೋಜೇಟ್ಟಾ, ನಾಳೆ ನನ್ನ ಜೊತೆ ಬರ್ತೀರಾ, ಅವರು ಕೇಳಿದ್ದನ್ನ ಬರೆದು ತೋರಿಸೋಕೆ ಎಂದು ಬರೆದಳು. ಒಳಗಿನಿಂದ ಅಮ್ಮ ಪ್ರಸಾದದ ಬೆಲ್ಲದ ಅವಲಕ್ಕಿ ತಂದು ಅವಳ ಅಂಗೈಗೆ ಹಾಕಿದಳು.

"ಏನೋ ಒಳ್ಳೇ ಸುದ್ದಿ ಇರೋ ಹಾಗಿದೆ," ಎಂದಳು ಅಮ್ಮ. "ನೀನೂ ಒಂದು ಒಳ್ಳೇ ಮಾತು ಬರೆದುಕೊಡೋ. ಇವತ್ತು ಬರೆದದ್ದು ಕೈಗೂಡುತ್ತೆ."

ಅವನು ಅವಳ ಫೋನ್ ತೆಗೆದುಕೊಂಡ. 'ಸಂದರ್ಶನ ನಿನ್ನೆ' ಎಂದು ಬರೆದು ಅವಳ ಕೈಗಿಟ್ಟ.

ರಂಸೀನಾ ಓದಿದಳು. ನಕ್ಕಳು. ಅವನ ಕೈತಪ್ಪು ಎಂದುಕೊಂಡು, ಅವಲಕ್ಕಿ ಅಂಟಿದ ಬೆರಳಿನಿಂದಲೇ 'ನಿನ್ನೆ' ಅಳಿಸಿ 'ನಾಳೆ' ಎಂದು ತಿದ್ದಿ, ಮತ್ತೆ ಅವನಿಗೆ ತೋರಿಸಿದಳು.